ಗ್ರಂಥಾಲಯದ ಮಹಡಿಯ ತರ್ಕ ತರಗತಿ: ಹನ್ನೆರಡು ಆದಿತ್ಯವಾರಗಳ ನಂತರ ಒಂದು ವಿಮರ್ಶೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸೀತಾಂಗೋಳಿಯ ಮೂಲಕ ಕುಂಬಳೆಗೆ ಹೋಗುವ ಮಾರ್ಗದ ಬದಿಯ ಗ್ರಂಥಾಲಯವೊಂದರ ಮಹಡಿಯಲ್ಲಿ ಕಳೆದ ಮಳೆಗಾಲದಲ್ಲಿ ಹನ್ನೆರಡು ಆದಿತ್ಯವಾರ ನಡೆದ ತರ್ಕ ಮತ್ತು ಅಧ್ಯಯನ ಕ್ರಮದ ತರಗತಿಗೆ ನಾನು ಒಂದು ದಿನವೂ ತಪ್ಪದೆ ಹೋಗಿದ್ದೇನೆ. ಬೆಳಗ್ಗೆ ಹತ್ತರಿಂದ ಹನ್ನೆರಡೂವರೆಯವರೆಗೆ ಪಾಠ. ಇಡೀ ತರಗತಿಗೆ ಶುಲ್ಕ 600 ರೂಪಾಯಿ, ಜೆರಾಕ್ಸ್ ಟಿಪ್ಪಣಿಗೆ ಬೇರೆ 80 ರೂಪಾಯಿ. ಪಾಠ ಮಾಡುವವರು ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಗಣಿತ ಕಲಿಸಿ ನಿವೃತ್ತರಾದ ಮಾಸ್ತರರು. ಅಧ್ಯಯನ ಕ್ರಮದ ಭಾಗವನ್ನು ನೋಡಿಕೊಳ್ಳುವವರು ಅವರದೇ ಹಳೆಯ ವಿದ್ಯಾರ್ಥಿನಿಯಾದ ಒಬ್ಬರು ಟೀಚರು. ನಾವು ಇಪ್ಪತ್ತಮೂರು ಮಂದಿ ಸೇರಿದ್ದೆವು. ಪ್ಲಸ್ ವನ್ (ಹನ್ನೊಂದನೆಯ ತರಗತಿ) ಮಕ್ಕಳೇ ಹೆಚ್ಚು, ನನ್ನಂತೆ ಡಿಗ್ರಿ ಓದುವವರು ಆರು ಮಂದಿ, ಪಿಎಸ್‌ಸಿ ಎಂಬ ಸರಕಾರಿ ಉದ್ಯೋಗದ ಪರೀಕ್ಷೆಗೆ ಸಿದ್ಧತೆ ನಡೆಸುತ್ತಿದ್ದವರು ಮೂವರು.

ನಾನು ಯಾವ ಸ್ಥಿತಿಯಲ್ಲಿ ಅಲ್ಲಿಗೆ ಹೋದೆ ಎಂಬುದನ್ನು ಮೊದಲು ಹೇಳಬೇಕು, ಏಕೆಂದರೆ ಕಾಸರಗೋಡಿನ ಅನೇಕ ಕನ್ನಡ ವಿದ್ಯಾರ್ಥಿಗಳ ಸ್ಥಿತಿಯೂ ಅದೇ. ಹತ್ತನೆಯ ತರಗತಿಯವರೆಗೆ ಎಲ್ಲವನ್ನೂ ಕನ್ನಡದಲ್ಲಿ ಓದಿ, ಒಳ್ಳೆಯ ಅಂಕಗಳನ್ನೂ ಪಡೆದು, ಪ್ಲಸ್ ವನ್‌ಗೆ ಕಾಲಿಟ್ಟ ದಿನದಿಂದ ಎಲ್ಲವೂ ಇಂಗ್ಲಿಷ್‌ಗೆ ತಿರುಗಿದಾಗ, ವಿಷಯ ಅರ್ಥವಾಗದಿರುವುದು ಭಾಷೆಯಿಂದಲೋ ನನ್ನ ಬುದ್ಧಿಯಿಂದಲೋ ಎಂಬುದೇ ನನಗೆ ತಿಳಿಯದೆ ಹೋಯಿತು. ಅದಕ್ಕೆ ನಾನು ಕಂಡುಕೊಂಡ ಪರಿಹಾರ ಹೆಚ್ಚು ಹೊತ್ತು ಓದುವುದು. ರಾತ್ರಿ ಹನ್ನೊಂದರವರೆಗೆ ಓದಿದೆ, ಬೆಳಗ್ಗೆ ನಾಲ್ಕಕ್ಕೆ ಎದ್ದು ಓದಿದೆ, ಪಠ್ಯಪುಸ್ತಕದ ಮುಕ್ಕಾಲು ಭಾಗಕ್ಕೆ ಹಳದಿ ಗೆರೆ ಎಳೆದೆ. ಆದರೂ ಡಿಗ್ರಿಯ ಎರಡನೆಯ ಸೆಮಿಸ್ಟರಿನಲ್ಲಿ ಭೌತಶಾಸ್ತ್ರದ ಒಂದು ಪತ್ರಿಕೆ ಪಾಸಾಗದೆ ಉಳಿಯಿತು. ನಡುವೆ ಆನ್‌ಲೈನ್ ಕೋರ್ಸೊಂದಕ್ಕೆ ಹಣ ಕಟ್ಟಿದ್ದೂ ಉಂಟು. ಅಲ್ಲಿ ವೇಗವಾಗಿ ಓದುವ ಉಪಾಯಗಳಿದ್ದವು, ಓದಿದ್ದು ಸರಿಯಾಗಿ ತಲೆಗೆ ಹೋಗಿದೆಯೇ ಎಂದು ನೋಡಿಕೊಳ್ಳುವ ದಾರಿ ಮಾತ್ರ ಇರಲಿಲ್ಲ.

ಮೊದಲ ಆದಿತ್ಯವಾರ ಮಾಸ್ತರರು ಯಾವ ಪೀಠಿಕೆಯನ್ನೂ ಹಾಕದೆ ಕರಿಹಲಗೆಯ ಮೇಲೆ ಎರಡು ವಾಕ್ಯಗಳನ್ನು ಬರೆದರು. ಮೊದಲನೆಯದು, "ಪ್ರತಿದಿನ ಓದಿದವರು ಪಾಸಾಗುತ್ತಾರೆ." ಎರಡನೆಯದು, "ಪ್ರತಿದಿನ ಓದಿದವರೇ ಪಾಸಾಗುತ್ತಾರೆ." ಇವೆರಡಕ್ಕೆ ವ್ಯತ್ಯಾಸವೇನು ಎಂದು ಕೇಳಿದಾಗ, ಎರಡನೆಯದರಲ್ಲಿ ಒತ್ತು ಹೆಚ್ಚು ಎಂದು ನಾವೆಲ್ಲರೂ ಹೇಳಿದೆವು. ಮಾಸ್ತರರು "ಏ" ಎಂಬ ಅಕ್ಷರಕ್ಕೆ ಸುತ್ತು ಹಾಕಿ, ಇದು ಬರಿಯ ಒತ್ತಲ್ಲ, ಇದು ವಾಕ್ಯದ ದಿಕ್ಕನ್ನೇ ತಿರುಗಿಸುತ್ತದೆ ಎಂದರು. ಮೊದಲ ವಾಕ್ಯದ ಪ್ರಕಾರ ಓದಿದರೆ ಪಾಸು ಖಂಡಿತ. ಓದದವನೂ ಪಾಸಾಗಬಹುದೇ ಇಲ್ಲವೇ ಎಂಬ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಎರಡನೆಯ ವಾಕ್ಯದ ಪ್ರಕಾರ ಪಾಸಾದವನು ಓದಿದವನೇ ಆಗಿರಬೇಕು. ಓದಿದವನು ಫೇಲಾಗುವುದಕ್ಕೆ ಅದರಲ್ಲಿ ಅಡ್ಡಿಯೇನೂ ಇಲ್ಲ. ಪ್ಲಸ್ ವನ್ ಗಣಿತದಲ್ಲಿ "ಇಫ್" ಮತ್ತು "ಓನ್ಲಿ ಇಫ್" ಎಂಬೆರಡನ್ನು ಎರಡು ವರ್ಷ ಅದಲು ಬದಲು ಮಾಡುತ್ತಿದ್ದ ನನಗೆ, ಅಮ್ಮ ದಿನಕ್ಕೆ ನೂರು ಸಲ ಬಳಸುವ "ಏ" ಪ್ರತ್ಯಯದಲ್ಲಿ ಅದೇ ವಿಷಯ ಅಡಗಿತ್ತೆಂದು ತಿಳಿದಾಗ ಆದ ಸಂತೋಷವನ್ನು ಹೇಗೆ ಬರೆಯಲಿ! ಆ ದಿನವೇ "ಎಲ್ಲರೂ ಬರಲಿಲ್ಲ" ಎಂಬ ಮಾತನ್ನೂ ಬಿಡಿಸಿ ನೋಡಿದೆವು. ಕೆಲವರು ಬಂದಿದ್ದಾರೆ ಎಂದೂ, ಒಬ್ಬರೂ ಬಂದಿಲ್ಲ ಎಂದೂ ಅದನ್ನು ತೆಗೆದುಕೊಳ್ಳಬಹುದು. "ಯಾರೂ ಬರಲಿಲ್ಲ" ಎಂಬ ಮಾತಿಗೆ ಆ ಸಂದೇಹವಿಲ್ಲ. ತರ್ಕವೆಂದರೆ ಹೊರಗಿನಿಂದ ತಂದು ಕಲಿಯಬೇಕಾದ ಚಿಹ್ನೆಗಳ ಕಂತೆ ಎಂದು ಭಾವಿಸಿದ್ದ ನಮಗೆ ಈ ಆರಂಭ ಬಹಳ ಧೈರ್ಯ ಕೊಟ್ಟಿತು.

ಮೂರನೆಯ ವಾರ ಬಂದದ್ದು ಈ ತರಗತಿಯ ಜೀವಾಳವಾದ ಪಾಠ. ಮಳೆಗಾಲದಲ್ಲಿ ಎಳೆ ಅಡಿಕೆಯನ್ನು ಉದುರಿಸುವ ಕೊಳೆರೋಗದ ಬಗ್ಗೆ ನಮ್ಮ ಕಡೆಯ ಎಲ್ಲ ಮನೆಗಳಿಗೂ ಗೊತ್ತಿರುವ ಮಾತೊಂದನ್ನು ಮಾಸ್ತರರು ಎತ್ತಿಕೊಂಡರು: "ಅಡಿಕೆಗೆ ಮದ್ದು ಬಿಡದಿದ್ದರೆ ಕೊಳೆ ಬರುತ್ತದೆ." ಈ ಮಾತು ನಿಜವೆಂದೇ ಸದ್ಯಕ್ಕೆ ಇಟ್ಟುಕೊಂಡು, ಇದರಿಂದ ಏನೇನನ್ನು ತೀರ್ಮಾನಿಸಬಹುದು ಎಂಬುದು ಪ್ರಶ್ನೆ. ಮದ್ದು ಬಿಟ್ಟಿಲ್ಲ, ಆದ್ದರಿಂದ ಕೊಳೆ ಬರುತ್ತದೆ ಎಂಬುದು ಸರಿ. ಕೊಳೆ ಬಂದಿಲ್ಲ, ಆದ್ದರಿಂದ ಮದ್ದು ಬಿಟ್ಟಿದ್ದಾರೆ ಎಂಬುದೂ ಸರಿ. ಮದ್ದು ಬಿಟ್ಟಿದ್ದಾರೆ, ಆದ್ದರಿಂದ ಕೊಳೆ ಬರುವುದಿಲ್ಲ ಎಂಬುದು ತಪ್ಪು. ಕೊಳೆ ಬಂದಿದೆ, ಆದ್ದರಿಂದ ಮದ್ದು ಬಿಟ್ಟಿಲ್ಲ ಎಂಬುದೂ ತಪ್ಪು.

ಈ ಕೊನೆಯ ತೀರ್ಮಾನವನ್ನು ನಾನು ನಮ್ಮ ಮನೆಯ ಅಂಗಳದಲ್ಲಿಯೇ ಕೇಳಿದ್ದೇನೆ. ಎರಡು ವರ್ಷಗಳ ಹಿಂದೆ ಅಪ್ಪ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣದ ಲೆಕ್ಕದಲ್ಲಿ ಬೋರ್ಡೋ ದ್ರಾವಣ ಮಾಡಿಸಿ, ಮಳೆ ಹಿಡಿಯುವ ಮೊದಲೇ ಒಂದು ಸಲ ಬಿಡಿಸಿದ್ದರು. ನಲವತ್ತು ದಿನ ಕಳೆದು ಎರಡನೆಯ ಸಲ ಬಿಡಿಸಿದ ದಿನ ಗೊನೆಯ ಮೇಲಿನ ಮದ್ದು ಒಣಗುವುದಕ್ಕೆ ಮುಂಚೆಯೇ ಮಳೆ ಹೊಡೆಯಿತು, ಮತ್ತೆ ಹತ್ತು ದಿನ ನಿಲ್ಲಲೇ ಇಲ್ಲ. ಎಳೆ ಅಡಿಕೆ ಉದುರಿ ತೋಟದಲ್ಲಿ ಹಾಸಿದಂತೆ ಬಿತ್ತು. ನೋಡಲು ಬಂದವರು, "ಕೊಳೆ ಬಂದಿದೆಯೆಂದರೆ ನೀವು ಮದ್ದು ಸರಿಯಾಗಿ ಬಿಡಿಸಿಲ್ಲ ಭಟ್ರೇ" ಎಂದಾಗ ಅಪ್ಪ ಏನೂ ಉತ್ತರಿಸಲಿಲ್ಲ. ಆ ಮಾತಿನಲ್ಲಿ ಏನೋ ಅನ್ಯಾಯವಿದೆ ಎಂದು ನನಗೆ ಆಗಲೇ ಅನಿಸಿತ್ತು. ಅನ್ಯಾಯ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಸಾಧ್ಯವಾದದ್ದು ಈ ಪಾಠದ ನಂತರ. ಕೊಳೆಗೆ ಮದ್ದು ಬಿಡದಿರುವುದು ಒಂದು ಕಾರಣ. ಕೊಳೆಯನ್ನು ಕಂಡ ಮಾತ್ರಕ್ಕೆ ಆ ಒಂದೇ ಕಾರಣಕ್ಕೆ ಹಿಂತಿರುಗಿ ಹೋಗಲು ತರ್ಕ ಅನುಮತಿ ಕೊಡುವುದಿಲ್ಲ.

ಅದೇ ದಿನದ ಎರಡನೆಯ ಅವಧಿಯಲ್ಲಿ ಟೀಚರು ಹಲಗೆಯ ಮೇಲಿನ ಕೊಳೆಯ ವಾಕ್ಯಗಳನ್ನು ಅಳಿಸದೆ, ಪಕ್ಕದಲ್ಲಿಯೇ ಇನ್ನೊಂದು ಸಾಲನ್ನು ಬರೆದರು. "ಪಾಠ ಗೊತ್ತಿದ್ದರೆ ಓದುವಾಗ ಸಲೀಸಾಗಿ ಸಾಗುತ್ತದೆ. ಓದುವಾಗ ಸಲೀಸಾಗಿ ಸಾಗುತ್ತಿದೆ. ಆದ್ದರಿಂದ ಪಾಠ ಗೊತ್ತಿದೆ." ಇದನ್ನು ಕೊಳೆಯ ನಾಲ್ಕು ತೀರ್ಮಾನಗಳಲ್ಲಿ ಯಾವುದರ ಜೊತೆ ಇಡುತ್ತೀರಿ ಎಂದು ಕೇಳಿದರು. ತರಗತಿ ಸ್ತಬ್ಧವಾಯಿತು. ನನ್ನ ಎರಡು ವರ್ಷಗಳ ಓದು ಅಲ್ಲಿ ಮೂರು ವಾಕ್ಯಗಳಲ್ಲಿ ನಿಂತಿತ್ತು. ಮೂರನೆಯ ಸಲ ಓದುವಾಗ ಅಧ್ಯಾಯ ಸಲೀಸಾಗಿ ಸಾಗುತ್ತಿದ್ದುದು ನನಗೆ ಅದು ಗೊತ್ತಿದ್ದುದರಿಂದಲ್ಲ, ಆ ಪುಟಗಳನ್ನು ಕಣ್ಣು ಆಗಲೇ ಎರಡು ಸಲ ಕಂಡಿದ್ದುದರಿಂದ. ಇದಕ್ಕೆ ಬದಲಾಗಿ ಟೀಚರು ಕೊಟ್ಟ ವಾಕ್ಯ ಹೀಗಿತ್ತು: "ಪಾಠ ಗೊತ್ತಿದ್ದರೆ ಪುಸ್ತಕ ಮುಚ್ಚಿ ಬರೆಯಬಲ್ಲೆ. ಬರೆಯಲು ಆಗಲಿಲ್ಲ. ಆದ್ದರಿಂದ ಗೊತ್ತಿಲ್ಲ." ಇದು "ಕೊಳೆ ಬಂದಿಲ್ಲ, ಆದ್ದರಿಂದ ಮದ್ದು ಬಿಟ್ಟಿದ್ದಾರೆ" ಎಂಬ ಸರಿಯಾದ ರೂಪಕ್ಕೆ ಸೇರಿದ್ದು. ತರ್ಕ ಒಂದು ಕಡೆ, ಓದುವ ಅಭ್ಯಾಸ ಇನ್ನೊಂದು ಕಡೆ ಎಂದು ಎರಡು ಬೇರೆ ವಿಷಯಗಳನ್ನು ಒಂದೇ ಶುಲ್ಕದಲ್ಲಿ ಕಲಿಸುವ ತರಗತಿ ಇದಲ್ಲವೆಂದು, ತಪ್ಪಾದ ಓದು ತಪ್ಪಾದ ತೀರ್ಮಾನದಿಂದಲೇ ಹುಟ್ಟುತ್ತದೆ ಎಂಬ ಒಂದೇ ವಿಷಯವನ್ನು ಎರಡೂ ತುದಿಗಳಿಂದ ಹಿಡಿದಿದ್ದಾರೆಂದು ಅಂದು ನನಗೆ ಮನದಟ್ಟಾಯಿತು. ನಾನು ಈ ತರಗತಿಯನ್ನು ಇತರರಿಗೆ ಹೇಳುವುದು ಮುಖ್ಯವಾಗಿ ಈ ಕಾರಣಕ್ಕೆ.

ಟೀಚರು ಇದನ್ನು ಬರಿಯ ಬಾಯಿಮಾತಿನಲ್ಲಿ ಬಿಡಲಿಲ್ಲ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ವಿವರಿಸಿದರು. ಗದ್ಯಭಾಗವೊಂದನ್ನು ಕೆಲವು ವಿದ್ಯಾರ್ಥಿಗಳು ನಾಲ್ಕು ಅವಧಿಗಳಲ್ಲಿಯೂ ಓದಿದರು. ಇನ್ನು ಕೆಲವರು ಒಂದು ಅವಧಿಯಲ್ಲಿ ಓದಿ, ಉಳಿದ ಮೂರು ಅವಧಿಗಳಲ್ಲಿ ನೆನಪಿನಿಂದ ಬರೆದರು. ಐದು ನಿಮಿಷಗಳ ನಂತರ ನೋಡಿದಾಗ ಓದಿದವರೇ ಮುಂದಿದ್ದರು: ಅವರಿಗೆ ಶೇಕಡಾ 83ರಷ್ಟು ನೆನಪಿತ್ತು, ಬರೆದವರಿಗೆ 71ರಷ್ಟು. ಒಂದು ವಾರದ ನಂತರ ಓದಿದವರಲ್ಲಿ ಉಳಿದದ್ದು ಶೇಕಡಾ 40, ಬರೆದವರಲ್ಲಿ 61. ಪರೀಕ್ಷೆಯ ಹಿಂದಿನ ರಾತ್ರಿ ಓದಿದವನಿಗೆ ತನ್ನ ಓದಿನ ಬಗ್ಗೆ ಅಷ್ಟೊಂದು ಭರವಸೆ ಏಕೆ ಬರುತ್ತದೆ, ಮುಂದಿನ ಸೆಮಿಸ್ಟರಿನಲ್ಲಿ ಅದರ ಕುರುಹೂ ಏಕೆ ಉಳಿದಿರುವುದಿಲ್ಲ ಎಂಬುದು ಈ ನಾಲ್ಕು ಅಂಕಿಗಳಲ್ಲಿ ಇದೆ.

ಅಂದಿನಿಂದ ನಮಗೆ ಎರಡು ಕೆಲಸಗಳು. ಮೊದಲನೆಯದು, ಪಾಠವನ್ನು ಒಮ್ಮೆ ಗಮನವಿಟ್ಟು ಓದಿ, ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ನೆನಪಾದದ್ದನ್ನು ಬರೆದು, ಬಿಟ್ಟುಹೋದದ್ದನ್ನು ಪುಸ್ತಕ ನೋಡಿ ಕೆಂಪು ಶಾಯಿಯಲ್ಲಿ ತುಂಬುವುದು. ನನ್ನ ಮೊದಲ ಹಾಳೆಯಲ್ಲಿ ನೀಲಿಗಿಂತ ಕೆಂಪೇ ಹೆಚ್ಚಿತ್ತು; ಅದನ್ನು ನೋಡಿ ನನಗೆ ಅಳು ಬಂದಿತ್ತು, ಈಗಲೂ ಅದನ್ನು ತೆಗೆದಿಟ್ಟಿದ್ದೇನೆ. ಎರಡನೆಯದು, ಸೆಬಾಸ್ಟಿಯನ್ ಲೈಟ್ನರ್ ಎಂಬ ಪತ್ರಕರ್ತ 1970ರ ದಶಕದಲ್ಲಿ ಜನರಿಗೆ ಪರಿಚಯಿಸಿದ ಚೀಟಿಗಳ ಪೆಟ್ಟಿಗೆ. ಚಪ್ಪಲಿಯ ರಟ್ಟಿನ ಪೆಟ್ಟಿಗೆಯಲ್ಲಿ ಐದು ಖಾನೆಗಳನ್ನು ಮಾಡಿ, ಚೀಟಿಯ ಒಂದು ಬದಿಯಲ್ಲಿ ಪ್ರಶ್ನೆ, ಇನ್ನೊಂದು ಬದಿಯಲ್ಲಿ ಉತ್ತರ ಬರೆಯಬೇಕು. ಸರಿಯುತ್ತರ ಬಂದರೆ ಚೀಟಿ ಮುಂದಿನ ಖಾನೆಗೆ, ತಪ್ಪಿದರೆ ಎಲ್ಲಿದ್ದರೂ ಮೊದಲ ಖಾನೆಗೆ. ಮೊದಲ ಖಾನೆಯನ್ನು ದಿನವೂ ನೋಡಬೇಕು, ಮುಂದಿನ ಖಾನೆಗಳನ್ನು ಹೆಚ್ಚು ಹೆಚ್ಚು ದಿನಗಳ ಅಂತರದಲ್ಲಿ. ಹನ್ನೆರಡನೆಯ ವಾರದ ಹೊತ್ತಿಗೆ ನನ್ನ ಪೆಟ್ಟಿಗೆಯಲ್ಲಿ 140 ಚೀಟಿಗಳಿದ್ದವು, ಅವುಗಳಲ್ಲಿ 63 ನಾಲ್ಕನೆಯ ಖಾನೆಯನ್ನು ದಾಟಿದ್ದವು. ನಾನು ಈಗ ಓದುವ ಹೊತ್ತು ಮೊದಲಿಗಿಂತ ಕಡಿಮೆ; ಉಳಿದಿದ್ದ ಪತ್ರಿಕೆಯನ್ನು ಮತ್ತೆ ಬರೆದು ಪಾಸಾಗಿದ್ದೇನೆ. ಪಾಸಾದದ್ದು ಇದರಿಂದಲೇ ಎಂದು ಸಾಧಿಸಲು ಹೋಗುವುದಿಲ್ಲ, ಕೊಳೆಯ ಪಾಠ ಕಲಿತವಳು ಹಾಗೆ ಹೇಳಬಾರದು. ಆದರೆ ಈಗ ಪರೀಕ್ಷೆಗೆ ಹೋಗುವ ಮುನ್ನ ಯಾವುದು ಗೊತ್ತಿದೆ, ಯಾವುದು ಗೊತ್ತಿಲ್ಲ ಎಂಬ ಲೆಕ್ಕ ನನ್ನ ಕೈಯಲ್ಲಿರುತ್ತದೆ.

ಓದಲು ಕೂರುವುದೇ ಕಷ್ಟವಾದವರಿಗೆ ಟೀಚರು "ಆದರೆ" ಎಂಬ ಷರತ್ತಿನ ಶಬ್ದವನ್ನೇ ಇನ್ನೊಂದು ರೀತಿಯಲ್ಲಿ ಬಳಸಲು ಕಲಿಸಿದರು. "ನಾಳೆಯಿಂದ ಚೆನ್ನಾಗಿ ಓದುತ್ತೇನೆ" ಎಂಬ ಸಂಕಲ್ಪಕ್ಕೆ ಸಮಯವೂ ಇಲ್ಲ, ಜಾಗವೂ ಇಲ್ಲ; ಅದರ ಬದಲು "ಸಂಜೆ ಚಹಾದ ಲೋಟ ತೊಳೆದಿಟ್ಟದ್ದೇ ಆದರೆ, ಮುಂದಿನ ಕೆಲಸ ಒಂದು ಖಾಲಿ ಹಾಳೆ" ಎಂಬಂತೆ, ದಿನವೂ ತಪ್ಪದೆ ನಡೆಯುವ ಘಟನೆಯೊಂದಕ್ಕೆ ಓದನ್ನು ಕಟ್ಟಬೇಕು. ಪೀಟರ್ ಗೋಲ್ವಿಟ್ಸರ್ ಎಂಬ ಮನಶ್ಶಾಸ್ತ್ರಜ್ಞರು ಇಂತಹ ಸಂಕಲ್ಪಗಳ ಬಗ್ಗೆ 1990ರ ದಶಕದಲ್ಲಿ ಸಂಶೋಧನೆ ನಡೆಸಿದ್ದಾರೆ. ಆ ಹೊತ್ತಿನಲ್ಲಿ ನನ್ನ ಫೋನ್ ಅಡುಗೆಮನೆಯಲ್ಲಿ ಅಮ್ಮನ ಹತ್ತಿರ ಇರುತ್ತದೆ.

ಭಾರತದ ಹಳೆಯ ತರ್ಕಪದ್ಧತಿಯಾದ ನಮ್ಮ ನ್ಯಾಯಶಾಸ್ತ್ರಕ್ಕೂ ಒಂದು ದಿನ ಮೀಸಲಿತ್ತು. ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ ಎಂಬ ವಾದದ ಐದು ಅವಯವಗಳನ್ನು, ಬೆಟ್ಟದ ಮೇಲೆ ಹೊಗೆಯಿರುವುದರಿಂದ ಬೆಂಕಿಯಿದೆ, ಅಡುಗೆಮನೆಯಂತೆ ಎಂಬ ಪುರಾತನ ಉದಾಹರಣೆಯ ಮೂಲಕ ಹೇಳಿಕೊಟ್ಟ ಮೇಲೆ, ನಮ್ಮ ಕಡೆಯ ಪೊಸಡಿಗುಂಪೆ ಗುಡ್ಡದ ಮೇಲೆ ಮುಂಜಾನೆ ಕಾಣುವುದು ಹೊಗೆಯೋ ಮಂಜೋ ಎಂದು ಮಾಸ್ತರರು ಕೇಳಿದರು. ಮಂಜಾಗಿದ್ದರೆ ಹೇತುವೇ, ಎಂದರೆ ಕೊಟ್ಟ ಕಾರಣವೇ, ಸಿದ್ಧವಾಗಿಲ್ಲ. ರೂಪ ಎಷ್ಟು ಸರಿಯಿದ್ದರೂ ಫಲವಿಲ್ಲ. ತೀರ್ಮಾನದ ರೂಪ ಸರಿಯಾಗಿರುವುದು ಬೇರೆ, ಅದರ ಆಧಾರವಾಕ್ಯ ಸತ್ಯವಾಗಿರುವುದು ಬೇರೆ ಎಂಬುದು ಇದಕ್ಕಿಂತ ಚೆನ್ನಾಗಿ ತಲೆಗೆ ಹೋಗಲಾರದು. "ಮತ್ತು", "ಅಥವಾ"ಗಳಿರುವ ವಾಕ್ಯವನ್ನು ಅಲ್ಲಗಳೆಯುವ ನಿಯಮಗಳಿಗೆ ಹೆಸರು ಕೊಟ್ಟ ಅಗಸ್ಟಸ್ ಡಿ ಮಾರ್ಗನ್ 1806ರಲ್ಲಿ ಹುಟ್ಟಿದ್ದು ನಮ್ಮ ನೆರೆಯ ತಮಿಳುನಾಡಿನ ಮಧುರೈಯಲ್ಲಿ ಎಂಬುದೂ ನನಗೆ ತಿಳಿದದ್ದು ಇಲ್ಲಿಯೇ. "ಹಾಲ್ ಟಿಕೆಟೂ ಪೆನ್ನೂ ಎರಡೂ ಇವೆ" ಎಂಬುದು ಸುಳ್ಳಾದರೆ ಎರಡೂ ಇಲ್ಲವೆಂದಲ್ಲ, ಒಂದಾದರೂ ಇಲ್ಲವೆಂದು ಎಂಬ ಅವರ ನಿಯಮದಲ್ಲಿ ಪ್ಲಸ್ ವನ್ ಮಕ್ಕಳು ಮೊದಲು ಎಡವಿದರು.

ಒಂಬತ್ತನೆಯ ವಾರ, ಆಟಿ ತಿಂಗಳ ಜಡಿಮಳೆಯಲ್ಲಿ ನಡೆದ ಪಾಠವನ್ನು ನಾನು ಮರೆಯಲಾರೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಾದ ಕುಂಬಳೆಯ ಸೀಮೆಯಲ್ಲಿ, ವೇಷವಿಲ್ಲದೆ ಕೂತು ಹಾಡು ಮಾತುಗಳಲ್ಲಿ ನಡೆಸುವ ಯಕ್ಷಗಾನವಾದ ತಾಳಮದ್ದಳೆ ಕೇಳದೆ ಬೆಳೆದವರು ಕಡಿಮೆ. ವಾಲಿಮೋಕ್ಷ ಪ್ರಸಂಗದಲ್ಲಿ ವಾಲಿಯೂ ರಾಮನೂ ಮಾಡುವ ವಾದವನ್ನು ಬಿಡಿಸಿ ಬರೆಯಿರಿ ಎಂದು ಮಾಸ್ತರರು ಹೇಳಿದರು. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಏಕೆ ತಪ್ಪಲ್ಲ ಎಂಬುದಕ್ಕೆ ರಾಮ ಕೊಡುವ ಉತ್ತರಗಳಲ್ಲಿ ಎರಡನ್ನು ಹಲಗೆಗೆ ತಂದೆವು. ವಾಲಿ ಮೃಗವಾದ್ದರಿಂದ ಬೇಟೆಗಾರ ಮರೆಯಲ್ಲಿ ನಿಂತು ಹೊಡೆಯಬಹುದು ಎಂಬುದು ಒಂದು. ತಮ್ಮನ ಹೆಂಡತಿಯನ್ನು ಇಟ್ಟುಕೊಂಡು ಧರ್ಮ ಮೀರಿದ್ದರಿಂದ ವಾಲಿ ದಂಡನೆಗೆ ಅರ್ಹ ಎಂಬುದು ಇನ್ನೊಂದು. ಆಮೇಲೆ ಮಾಸ್ತರರು "ಮೃಗವಾದರೆ ಧರ್ಮಕ್ಕೆ ಬದ್ಧನಲ್ಲ" ಎಂಬ ಒಂದೇ ಒಂದು ವಾಕ್ಯವನ್ನು ನಡುವೆ ಸೇರಿಸಿದರು. ಅದನ್ನು ಒಪ್ಪಿದರೆ ಎರಡು ಉತ್ತರಗಳೂ ಒಟ್ಟಿಗೆ ನಿಲ್ಲುವುದಿಲ್ಲ: ಮೃಗವೆಂದರೆ ದಂಡನೆ ಹೋಗುತ್ತದೆ, ದಂಡನೆಯೆಂದರೆ ಮೃಗವೆನ್ನುವುದು ಹೋಗುತ್ತದೆ. ರಾಮನ ಪಕ್ಷ ಹಿಡಿದವಳೊಬ್ಬಳು ಎದ್ದುನಿಂತು, ವಾಲಿ ಶಾಸ್ತ್ರ ತಿಳಿದ ಮೃಗ, ಆದ್ದರಿಂದ ಆ ನಡುವಿನ ವಾಕ್ಯವನ್ನು ತಾನು ಒಪ್ಪುವುದಿಲ್ಲ ಎಂದಳು. ಮಾಸ್ತರರ ಮುಖ ಅರಳಿತು. ವಾದ ಗೆಲ್ಲಬೇಕಾದರೆ ಯಾವ ವಾಕ್ಯವನ್ನು ಅಲ್ಲಗಳೆಯಬೇಕು ಎಂದು ಆಕೆ ಸರಿಯಾಗಿ ಗುರುತಿಸಿದ್ದಳು. ಇಷ್ಟು ವರ್ಷ ತಾಳಮದ್ದಳೆಯಲ್ಲಿ ಎರಡೂ ಕಡೆಯವರ ಮಾತಿಗೆ ತಲೆದೂಗುತ್ತಿದ್ದ ನಾನು, ಈಗ ಪಾತ್ರಗಳ ಮಾತನ್ನಾಡುವ ಅರ್ಥಧಾರಿಗಳು ಯಾವ ವಾಕ್ಯವನ್ನು ಮೆತ್ತಗೆ ದಾಟಿಸುತ್ತಾರೆ ಎಂದು ಕಿವಿಯಿಟ್ಟು ಕೇಳುತ್ತೇನೆ. ಅದರಿಂದ ಆ ಕಲೆಯ ಮೇಲಿನ ಗೌರವ ಹೆಚ್ಚೇ ಆಗಿದೆ.

ಕೊರತೆಗಳೂ ಇವೆ, ಅವು ಸಣ್ಣವಲ್ಲ. ವಾಕ್ಯದ ಭಾಗಗಳು ಸತ್ಯವೋ ಸುಳ್ಳೋ ಎಂಬುದರಿಂದ ಇಡೀ ವಾಕ್ಯ ಸತ್ಯವೋ ಸುಳ್ಳೋ ಎಂದು ತೋರಿಸುವ ಸತ್ಯಕೋಷ್ಟಕಗಳನ್ನು ಒಂದೇ ಆದಿತ್ಯವಾರದಲ್ಲಿ ಮುಗಿಸಿದರು. "ಆದರೆ" ಎಂಬ ಷರತ್ತಿನ ವಾಕ್ಯದ ಮೊದಲ ಭಾಗ ಸುಳ್ಳಾದಾಗ ಇಡೀ ವಾಕ್ಯ ಸತ್ಯವೆಂದು ಬರೆಯುವುದು ಏಕೆ ಎಂಬುದು ಹೆಚ್ಚಿನವರಿಗೆ ಹೊಳೆಯಲಿಲ್ಲ. ನಾನು ಪಾಠ ಮುಗಿದ ಮೇಲೆ ಕೇಳಿದಾಗ, "ಮಳೆ ನಿಂತರೆ ಬರುತ್ತೇನೆ ಎಂದವನು ಮಳೆ ನಿಲ್ಲದೆ ಬರದಿದ್ದರೆ ಮಾತು ತಪ್ಪಿದ ಹಾಗಾಯಿತೇನಮ್ಮ?" ಎಂದು ಮಾಸ್ತರರು ಕೇಳಿದರು, ಒಂದೇ ಕ್ಷಣದಲ್ಲಿ ಅರ್ಥವಾಯಿತು. ಅದನ್ನು ಎಲ್ಲರ ಮುಂದೆ ಹೇಳಬೇಕಿತ್ತು. ಜೆರಾಕ್ಸ್ ಟಿಪ್ಪಣಿಗಳು ಮಸುಕು, ಅಭ್ಯಾಸದ ಲೆಕ್ಕಗಳಿಗೆ ಉತ್ತರಗಳಿಲ್ಲ. ನೀವೇ ತಪ್ಪು ತಿದ್ದಿಕೊಳ್ಳಿ ಎಂದು ಕಲಿಸುವ ತರಗತಿ ತಿದ್ದಿಕೊಳ್ಳುವ ಸಾಧನವನ್ನೂ ಕೊಡಬೇಕು. ಪಾರಿಭಾಷಿಕ ಶಬ್ದಗಳೆಲ್ಲ ಕನ್ನಡದಲ್ಲಿಯೇ ಇರುವುದು ನನಗೆ ಪ್ರಿಯವಾದರೂ, ಸೋಮವಾರ ಕಾಲೇಜಿಗೆ ಹೋಗಿ "ಇಂಪ್ಲಿಕೇಶನ್", "ಕಾಂಟ್ರಾಪೊಸಿಟಿವ್" ಎಂಬ ಶಬ್ದಗಳನ್ನು ಎದುರಿಸಬೇಕಾದ ಮಗುವಿಗೆ, ಎರಡೂ ಭಾಷೆಗಳ ಶಬ್ದಗಳನ್ನು ಅಕ್ಕಪಕ್ಕದಲ್ಲಿ ಇಟ್ಟ ಒಂದು ಪುಟವಾದರೂ ಬೇಕು. ಅದಿಲ್ಲದಿದ್ದರೆ ಇಲ್ಲಿ ಕಲಿತದ್ದು ಅಲ್ಲಿ ಗುರುತೇ ಸಿಗದೆ ಉಳಿಯುತ್ತದೆ.

ನನಗೆ ನಿಜವಾಗಿ ನೋವಾದದ್ದು ಇನ್ನೊಂದು ವಿಷಯದಲ್ಲಿ. ಮೊದಲ ಆರು ವಾರ ನಮ್ಮ ಓದಿನ ದಿನಚರಿಯನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸುತ್ತಿದ್ದರು. ದನ ಕರು, ತೋಟ, ಅಡುಗೆ ಎಲ್ಲವನ್ನೂ ನೋಡಿಕೊಂಡು ಬರುವ ಇಬ್ಬರು ಹುಡುಗಿಯರ ಪುಟಗಳಲ್ಲಿ ವಾರಕ್ಕೆ ಎರಡೇ ದಿನ ಬರೆದಿತ್ತು, "ಯಾಕೆ ಬರೆದಿಲ್ಲ?" ಎಂಬ ಪ್ರಶ್ನೆಗೆ ಅವರು ತಲೆ ತಗ್ಗಿಸಿ ನಿಂತರು, ಮುಂದಿನ ವಾರ ಬರಲಿಲ್ಲ. ಬರೆಯದಿದ್ದರೆ ಓದಿಲ್ಲ ಎಂಬ ತೀರ್ಮಾನವನ್ನು ತರ್ಕ ಕಲಿಸುವವರೇ ಮಾಡಬಾರದಿತ್ತು. ಇದನ್ನು ನಾವು ಕೆಲವರು ಟೀಚರಲ್ಲಿ ಹೇಳಿದಾಗ ಅವರು ಸಿಟ್ಟಾಗಲಿಲ್ಲ. ಏಳನೆಯ ವಾರದಿಂದ ದಿನಚರಿಯನ್ನು ಒಬ್ಬೊಬ್ಬರ ಹತ್ತಿರವೇ ಕೂತು ನೋಡತೊಡಗಿದರು, ಆ ಇಬ್ಬರ ಮನೆಗೂ ಹೋಗಿ ಮಾತಾಡಿ ಬಂದರು. ಒಬ್ಬಳು ಮರಳಿ ಬಂದಳು.

ಡಿಗ್ರಿಯವರಿಗಿಂತಲೂ ಹತ್ತನೆಯ ತರಗತಿ ಮುಗಿಸಿ ಪ್ಲಸ್ ವನ್‌ಗೆ ಕಾಯುತ್ತಿರುವ ಕನ್ನಡ ಮಾಧ್ಯಮದ ಮಕ್ಕಳಿಗೆ ಈ ತರಗತಿ ಹೆಚ್ಚು ಉಪಕಾರ ಮಾಡುತ್ತದೆ ಎಂದು ನನ್ನ ಅಭಿಪ್ರಾಯ. ಅವರಿಗಾಗಿ ಇದನ್ನು ಏಪ್ರಿಲ್-ಮೇ ರಜೆಯಲ್ಲಿ ನಡೆಸಬೇಕೆಂದು ಮಾಸ್ತರರಲ್ಲಿ ಕೇಳಿಕೊಂಡಿದ್ದೇನೆ. ಪಿಎಸ್‌ಸಿಯ ಮಾನಸಿಕ ಸಾಮರ್ಥ್ಯದ ಪ್ರಶ್ನೆಗಳಿಗೆ ಬೇಕಾದ ವೇಗವನ್ನು ಇಲ್ಲಿ ಕಲಿಸುವುದಿಲ್ಲ, ಅದನ್ನು ನಿರೀಕ್ಷಿಸಿ ಬಂದ ಇಬ್ಬರು ಅರ್ಧದಲ್ಲಿ ಬಿಟ್ಟರು. ಸೇರುವವರು 200 ಪುಟಗಳ ಒಂದು ಬರೆಯುವ ಪುಸ್ತಕ, ಕೆಂಪು ಪೆನ್ನು ಮತ್ತು ಒಂದು ರಟ್ಟಿನ ಪೆಟ್ಟಿಗೆಯನ್ನು ತಂದರೆ ಸಾಕು. ಮಹಡಿಗೆ ತಗಡಿನ ಮಾಡು ಇರುವುದರಿಂದ ಮಳೆ ಜೋರಾದಾಗ ಹಿಂದಿನ ಸಾಲಿಗೆ ಏನೂ ಕೇಳಿಸುವುದಿಲ್ಲ. ಹತ್ತಕ್ಕೆ ಹತ್ತು ನಿಮಿಷ ಇರುವಾಗಲೇ ಹೋಗಿ ಮುಂದಿನ ಬೆಂಚಿನಲ್ಲಿ ಕೂರಬೇಕು.